ಉಲ್ಲೇಖ, ಎಣಿಕೆ, ಅಂಕ: ಬೆಂಗಳೂರಿನ ದಕ್ಷಿಣ ಭಾಗದ ವಿದ್ಯಾವಲಯದಿಂದ ಒಂದು ಚಾರಿತ್ರಿಕ ನೋಟ

ಒಬ್ಬ ಬರಹಗಾರನು ತನ್ನ ಗ್ರಂಥದಲ್ಲಿ ಪೂರ್ವಸೂರಿಗಳನ್ನು ಹೆಸರಿಸುವುದು ಋಣಸ್ವೀಕಾರದ ಒಂದು ಕ್ರಮ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅದು ಬರಿಯ ಸೌಜನ್ಯವಾಗಿ ಉಳಿಯದೆ ಸಾಕ್ಷ್ಯವಾಗಿಯೂ ಒದಗಿಬಂದಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಹೆಸರುಗಳನ್ನು ಹೇಳುತ್ತದೆ. ಇವರ ಕನ್ನಡ ಕೃತಿಗಳಲ್ಲಿ ಒಂದೂ ಇಂದು ಉಪಲಬ್ಧವಿಲ್ಲ. ಆ ಹೆಸರುಗಳನ್ನು ಹೇಳದೆ ಹೋಗಿದ್ದರೆ ಕನ್ನಡ ಗದ್ಯದ ಪ್ರಾಚೀನತೆಯ ಬಗೆಗಿನ ಚರ್ಚೆಯೇ ಬೇರೆಯಾಗಿರುತ್ತಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತನಗೆ ಪ್ರಮಾಣರಾದ ಕವಿಗಳನ್ನು ಹೆಸರಿಸಿದ್ದರಿಂದ ಗಜಗ, ಗುಣನಂದಿ, ಅಸಗರಂತಹವರ ನೆನಪು ಉಳಿಯಿತು. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಹೊರತಂದ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ಎಷ್ಟೋ ಕವಿಗಳ ಕಾಲನಿರ್ಣಯವು, ಯಾರು ಯಾರನ್ನು ಸ್ಮರಿಸಿದ್ದಾರೆ ಎಂಬ ಪರಿಶೀಲನೆಯ ಮೇಲೆ ನಿಂತಿದೆ.

ಆತ್ಮಪ್ರಶಂಸೆಯೂ ಈ ಪರಂಪರೆಗೆ ಹೊರತಾದುದಲ್ಲ. ಹತ್ತನೆಯ ಶತಮಾನದ ಪೊನ್ನನು ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರ್ಮಡಿ ಮೇಲೆಂದು ಹೇಳಿಕೊಂಡಿದ್ದಾನೆ. ಆದರೆ ಹಾಗೆ ಹೇಳಿಕೊಳ್ಳುವುದಕ್ಕಾದರೂ ಅಸಗನ ಹೆಸರನ್ನು ಅವನು ಎತ್ತಲೇಬೇಕಾಯಿತು. ಅಸಗನ ಕನ್ನಡ ಕಾವ್ಯ ಅಳಿದುಹೋದ ಮೇಲೆ ಪೊನ್ನನ ಜಂಬವೇ ಅದಕ್ಕೆ ಸಾಕ್ಷಿಯಾಗಿ ಉಳಿಯಿತು. ಸ್ಮರಣೆ ಸ್ತುತಿಗಾಗಲಿ ಸ್ಪರ್ಧೆಗಾಗಲಿ ಇರಲಿ, ಒಬ್ಬನು ಇನ್ನೊಬ್ಬನನ್ನು ಓದಿದ್ದಾನೆ ಎಂಬ ನಂಬಿಕೆಯೊಂದು ಅದರ ಹಿಂದೆ ಇದ್ದೇ ಇತ್ತು. ಕಳೆದ ಎರಡು ಮೂರು ದಶಕಗಳಲ್ಲಿ ಸಡಿಲಗೊಂಡಿರುವುದು ಈ ನಂಬಿಕೆ. ಉಲ್ಲೇಖಕ್ಕೆ ಅಂಕವೂ ಅಂಕಕ್ಕೆ ಬಡ್ತಿಯೂ ಸೇರಿಕೊಂಡ ಮೇಲೆ ಓದದೆ ಉಲ್ಲೇಖಿಸುವುದು, ಉಲ್ಲೇಖಿಸಿಕೊಳ್ಳಲೆಂದೇ ಬರೆಯುವುದು, ಉಲ್ಲೇಖಗಳನ್ನು ಕೊಳ್ಳುವುದು ಇವೆಲ್ಲ ಜಗತ್ತಿನಾದ್ಯಂತ ಬೆಳೆದ ಕಸುಬುಗಳಾದವು. ಈ ಚರಿತ್ರೆಯ ಹಲವು ಎಳೆಗಳು ಬೆಂಗಳೂರಿನಲ್ಲಿ, ಅದರಲ್ಲೂ ಜಯನಗರದಿಂದ ಮೈಸೂರು ರಸ್ತೆಯವರೆಗೆ ಹಬ್ಬಿದ ವಿದ್ಯಾವಲಯದಲ್ಲಿ ಬಂದು ಕೂಡುತ್ತವೆ.

ಎಣಿಕೆಯ ಮೂಲ ಉದ್ದೇಶ

ಉಲ್ಲೇಖಗಳನ್ನು ಎಣಿಸುವ ಕೆಲಸ ಆರಂಭವಾದದ್ದು ಗ್ರಂಥಾಲಯದ ಬಡತನದಿಂದ ಎಂದರೆ ಅತಿಶಯೋಕ್ತಿಯಾಗದು. 1927ರಲ್ಲಿ ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ದಂಪತಿಗಳು, ಸಣ್ಣ ಕಾಲೇಜೊಂದು ತನ್ನ ಮಿತವಾದ ಹಣದಲ್ಲಿ ಯಾವ ರಸಾಯನಶಾಸ್ತ್ರ ಪತ್ರಿಕೆಗಳನ್ನು ತರಿಸಬೇಕೆಂದು ತಿಳಿಯಲು ಒಂದು ಪ್ರಮುಖ ಪತ್ರಿಕೆಯ ಅಡಿಟಿಪ್ಪಣಿಗಳನ್ನು ಎಣಿಸಿದರು. ಎಣಿಕೆ ನಡೆದದ್ದು ಪತ್ರಿಕೆಗಳನ್ನು ಆರಿಸಲು. ಯಾವ ಅಧ್ಯಾಪಕನ ಯೋಗ್ಯತೆಯನ್ನೂ ಅದರಿಂದ ಅಳೆಯಲಿಲ್ಲ.

ಭಾರತದಲ್ಲಿ ಇದೇ ಬಗೆಯ ಚಿಂತನೆಗೆ ಹೆಸರು ಕೊಟ್ಟವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಆಸ್ಲಿಬ್ ಸಮ್ಮೇಳನದಲ್ಲಿ ‘ಲೈಬ್ರಮೆಟ್ರಿ’ ಎಂಬ ಪದವನ್ನು ಸೂಚಿಸಿದರು. ಜಯನಗರ ಬಡಾವಣೆಗೆ ಶಂಕುಸ್ಥಾಪನೆಯಾದದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಗ್ರಂಥಾಲಯ ವೃತ್ತಿಯವರ ಬಾಯಲ್ಲಿ ಡಿ.ಆರ್.ಟಿ.ಸಿ., ಸ್ಥಾಪನೆಯಾಯಿತು. ಮಲ್ಲೇಶ್ವರದಲ್ಲಿ ಆರಂಭಗೊಂಡು ಮುಂದೆ ಮೈಸೂರು ರಸ್ತೆಯ ಆವರಣಕ್ಕೆ ಬಂದ ಈ ಕೇಂದ್ರ ದೇಶಕ್ಕೆ ಹಲವು ತಲೆಮಾರಿನ ಗ್ರಂಥಪಾಲಕರನ್ನು ಕೊಟ್ಟಿದೆ. ರಂಗನಾಥನ್ 1972ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಗ್ರಂಥಾಲಯದ ಸಿಬ್ಬಂದಿ, ಪುಸ್ತಕಗಳ ಚಲಾವಣೆ, ಓದುಗರ ವೇಳೆ ಇವುಗಳನ್ನು ಗಣಿತದ ಸಹಾಯದಿಂದ ವ್ಯವಸ್ಥೆಗೊಳಿಸುವುದು ಅವರ ಲೈಬ್ರಮೆಟ್ರಿಯ ಗುರಿಯಾಗಿತ್ತು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು.

ಉಲ್ಲೇಖಸೂಚಿಯ ಜನಕರೆನಿಸಿದ ಯೂಜೀನ್ ಗಾರ್‌ಫೀಲ್ಡ್‌ರ ಆಶಯವೂ ಇದಕ್ಕಿಂತ ದೂರವಿರಲಿಲ್ಲ. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಒಂದು ಮುಖ್ಯ ವಾದವೆಂದರೆ, ಹಳೆಯ ಪ್ರಬಂಧದ ಮೇಲೆ ಮುಂದೆ ಬಂದ ಟೀಕೆಗಳು ಸಂಶೋಧಕನ ಕಣ್ಣಿಗೆ ಬೀಳಬೇಕು. ಆಗ ದೋಷಪೂರಿತವಾದ, ಮೋಸದಿಂದ ಕೂಡಿದ ದತ್ತಾಂಶಗಳನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪುತ್ತದೆ ಎಂಬುದು. ಮೋಸವನ್ನು ತಡೆಯುವ ಉಪಾಯವಾಗಿ ಕಲ್ಪಿತವಾದುದೇ ಮೋಸಕ್ಕೆ ಆಮಿಷವಾದದ್ದು ಈ ಚರಿತ್ರೆಯ ದೊಡ್ಡ ವ್ಯಂಗ್ಯ. 1960ರ ದಶಕದ ಆದಿಯಲ್ಲಿ ಅವರ ಸಂಸ್ಥೆಯ ಸೂಚಿ ಪ್ರಕಟವಾಗತೊಡಗಿತು. ಸೂಚಿಗೆ ಪತ್ರಿಕೆಗಳನ್ನು ಆಯ್ದುಕೊಳ್ಳಲು ಗಾರ್‌ಫೀಲ್ಡ್ ಮತ್ತು ಇರ್ವಿಂಗ್ ಷೆರ್ ರೂಪಿಸಿಕೊಂಡ ಒಳಲೆಕ್ಕವೇ ಇಂಪ್ಯಾಕ್ಟ್ ಫ್ಯಾಕ್ಟರ್. ಹಿಂದಿನ ಎರಡು ವರ್ಷಗಳಲ್ಲಿ ಒಂದು ಪತ್ರಿಕೆ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ ಅದು. 1975ರಿಂದ ಅದು ವಾರ್ಷಿಕ ವರದಿಯಾಗಿ ಹೊರಬಂದಿತು. ರಂಗನಾಥನ್‌ರ ಬಗೆಗೆ ಗಾರ್‌ಫೀಲ್ಡ್‌ರಿಗೆ ಗೌರವವಿತ್ತು. 1984ರಲ್ಲಿ ಅವರನ್ನು ಕುರಿತು ದೀರ್ಘವಾದ ನುಡಿನಮನವನ್ನೇ ಬರೆದರು.

1991ರ ಆಗಸ್ಟ್ 9ರಿಂದ 12ರವರೆಗೆ ಇನ್‌ಫರ್ಮೆಟ್ರಿಕ್ಸ್‌ನ ಮೂರನೆಯ ಅಂತಾರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಬೆಲ್ಜಿಯಂ ಮತ್ತು ಕೆನಡಾಗಳ ಬಳಿಕ ಈ ವಿದ್ವತ್ಸಭೆ ಸೇರಿದ್ದು ಇಲ್ಲಿಯೇ. ಡಿ.ಆರ್.ಟಿ.ಸಿ.ಯ ಐ.ಕೆ. ರವಿಚಂದ್ರ ರಾವ್ ಅದರ ಪ್ರಬಂಧಗಳನ್ನು ಸಂಪಾದಿಸಿದರು. ಅಂದಿಗೆ ಇದು ಸಂಖ್ಯಾಶಾಸ್ತ್ರಜ್ಞರೂ ಗ್ರಂಥಪಾಲಕರೂ ಕೂಡಿ ನಡೆಸುವ ಶಾಂತವಾದ ಅಧ್ಯಯನ ಕ್ಷೇತ್ರವಾಗಿತ್ತು. ಬೆಂಗಳೂರಿನಿಂದ 1932ರಿಂದ ಪ್ರಕಟವಾಗುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಪುಟಗಳಲ್ಲಿ ಮಾತ್ರ ಎಚ್ಚರಿಕೆಯ ಧ್ವನಿಗಳು ಕೇಳಿಬರುತ್ತಿದ್ದವು. 1995ರಿಂದ 2013ರವರೆಗೆ ಅದರ ಸಂಪಾದಕರಾಗಿದ್ದ ಪಿ. ಬಲರಾಂ ಇಂಪ್ಯಾಕ್ಟ್ ಫ್ಯಾಕ್ಟರ್‌ನ ವ್ಯಾಮೋಹವನ್ನು ಕುರಿತು ತಮ್ಮ ಸಂಪಾದಕೀಯಗಳಲ್ಲಿ ಮತ್ತೆ ಮತ್ತೆ ಬರೆದರು.

ಜಯನಗರದ ಒಂದು ಕಚೇರಿ

ಜಯನಗರ 4ನೆಯ ‘ಟಿ’ ಬ್ಲಾಕಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಿದೆ. 1996ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ, ಡೀಮ್ಡ್ ಸಂಸ್ಥೆಗಳನ್ನು ಬಿಟ್ಟು, ರಾಜ್ಯದ ವೈದ್ಯ, ದಂತವೈದ್ಯ, ಔಷಧವಿಜ್ಞಾನ, ಶುಶ್ರೂಷಾ ಮತ್ತು ಆಯುಷ್ ಕಾಲೇಜುಗಳು ಸೇರಿದವು. ಬೀದರಿನ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರೌಢಪ್ರಬಂಧವೂ ಬಳ್ಳಾರಿಯದೂ ಕೊನೆಗೆ ತಲುಪುವುದು ಇಲ್ಲಿಗೆ. ಸಂಶೋಧನೆಯ ಹಾದಿಯನ್ನು ಸುಗಮಗೊಳಿಸುವುದರಲ್ಲಿ ಈ ಸಂಸ್ಥೆಯದು ಮುಂಚೂಣಿಯ ಪಾತ್ರ. 2003ರಲ್ಲಿ ಅದು ‘ಹೆಲಿನೆಟ್’ ಎಂಬ ಗ್ರಂಥಾಲಯ ಒಕ್ಕೂಟವನ್ನು ಆರಂಭಿಸಿ ಅಧೀನ ಕಾಲೇಜುಗಳಿಗೆ ವಿದೇಶಿ ವೈದ್ಯಪತ್ರಿಕೆಗಳನ್ನು ಗಣಕಯಂತ್ರದ ಮೂಲಕ ಒದಗಿಸಿತು. ಅಲ್ಲಿಯವರೆಗೆ ಜಿಲ್ಲಾ ಕೇಂದ್ರದ ಅಧ್ಯಾಪಕನೊಬ್ಬ ಒಂದು ಲೇಖನದ ಪ್ರತಿಗಾಗಿ ನಿಮ್ಹಾನ್ಸ್ ಅಥವಾ ಟಾಟಾ ಇನ್‌ಸ್ಟಿಟ್ಯೂಟಿನ ಗ್ರಂಥಾಲಯದಲ್ಲಿ ಪರಿಚಿತರನ್ನು ಹುಡುಕಬೇಕಾಗಿತ್ತು. ಓದುವುದಕ್ಕೆ ಅವಕಾಶ ಹೀಗೆ ವಿಸ್ತಾರಗೊಂಡ ದಶಕದಲ್ಲಿಯೇ ಓದದೆ ಬರೆಯುವ ಒತ್ತಡವೂ ಬೆಳೆದದ್ದು ವಿಷಾದಕರ.

ಒತ್ತಡ ಬಂದದ್ದು ದೆಹಲಿಯಿಂದ. ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ಎರಡು, ಪ್ರಾಧ್ಯಾಪಕ ಹುದ್ದೆಗೆ ನಾಲ್ಕು ಸಂಶೋಧನ ಪ್ರಕಟಣೆಗಳು ಬೇಕಾದವು. ಸ್ನಾತಕೋತ್ತರ ವಿದ್ಯಾರ್ಥಿಗೂ ಒಂದು ಭಿತ್ತಿಪತ್ರ, ಒಂದು ಪ್ರಬಂಧ ಮಂಡನೆ, ಪ್ರಕಟಣೆಗೆ ಕಳುಹಿಸಿದ ಒಂದು ಲೇಖನ ಕಡ್ಡಾಯವಾಯಿತು. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ ವೈದ್ಯನ ಬಳಿ ಸಂಶೋಧನೆಗೆ ಹಣವಾಗಲಿ ವೇಳೆಯಾಗಲಿ ಇದೆಯೇ ಎಂಬ ಪ್ರಶ್ನೆಯನ್ನು ನಿಯಮ ಕೇಳಲಿಲ್ಲ. 2015ರಲ್ಲಿ ಪರಿಷತ್ತು ಹೊರಡಿಸಿದ ಸ್ಪಷ್ಟೀಕರಣ ಸೂಚೀಕೃತ ಪತ್ರಿಕೆಗಳೆಂದರೆ ಯಾವುವು ಎಂದು ಹೇಳಿತು. ಸ್ಕೋಪಸ್, ಪಬ್‌ಮೆಡ್ ಮುಂತಾದವುಗಳ ಜೊತೆಗೆ ಪೋಲೆಂಡಿನ ‘ಇಂಡೆಕ್ಸ್ ಕೋಪರ್ನಿಕಸ್’ಗೂ ಅಲ್ಲಿ ಸ್ಥಾನ ಸಿಕ್ಕಿತು. ಮೌಲ್ಯಮಾಪನ ಸಡಿಲವಾಗಿದ್ದ ಆ ಸೂಚಿಯ ಅಂಕವನ್ನು ಇಂಪ್ಯಾಕ್ಟ್ ಫ್ಯಾಕ್ಟರ್‌ನ ಬದಲಿಗೆ ಮುಖಪುಟದಲ್ಲಿ ಅಚ್ಚುಹಾಕಿಕೊಳ್ಳುವ ಪತ್ರಿಕೆಗಳು ದೇಶದಲ್ಲಿ ವಿಪುಲವಾಗಿ ಹುಟ್ಟಿಕೊಂಡವು. ಭಾರತೀಯ ವೈದ್ಯಪತ್ರಿಕೆಗಳ ಸಂಪಾದಕರು 2016ರಲ್ಲಿ ಈ ನಿಯಮಗಳನ್ನು ಮರುಚಿಂತಿಸುವಂತೆ ಒಂದೇ ಲೇಖನವನ್ನು ಹಲವು ಪತ್ರಿಕೆಗಳಲ್ಲಿ ಏಕಕಾಲಕ್ಕೆ ಪ್ರಕಟಿಸಬೇಕಾಯಿತು. 2020ರ ಪರಿಷ್ಕರಣದಲ್ಲಿ ಕೋಪರ್ನಿಕಸ್ ಪಟ್ಟಿಯಿಂದ ಹೊರಬಿತ್ತು. ಅದೇ ವರ್ಷ ಪರಿಷತ್ತೇ ರದ್ದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು.

ಇತರ ಕಾಲೇಜುಗಳ ಪಾಡು ಭಿನ್ನವಾಗಿರಲಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2010ರ ನಿಯಮಗಳಲ್ಲಿ ಎ.ಪಿ.ಐ. ಎಂಬ ಅಂಕಪದ್ಧತಿಯನ್ನು ಜಾರಿಗೆ ತಂದಿತು. ವಿದ್ವತ್ಪರಿಶೀಲನೆಯಿರುವ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ 15 ಅಂಕ, ಪರಿಶೀಲನೆಯಿಲ್ಲದಿದ್ದರೂ ಐ.ಎಸ್.ಎಸ್.ಎನ್. ಸಂಖ್ಯೆಯಿರುವ ಮನ್ನಣೆಯ ಪತ್ರಿಕೆಯಾದರೆ 10. ಪತ್ರಿಕೆ ಸೂಚೀಕೃತವಾಗಿದ್ದರೆ 5 ಹೆಚ್ಚುವರಿ ಅಂಕ. ಇಂಪ್ಯಾಕ್ಟ್ ಫ್ಯಾಕ್ಟರ್ 1ರಿಂದ 2ರವರೆಗಿದ್ದರೆ 10, 2ರಿಂದ 5ರವರೆಗೆ 15, 5ರಿಂದ 10ರವರೆಗೆ 25. ಗಾರ್‌ಫೀಲ್ಡ್‌ರು ಪತ್ರಿಕೆಗಳನ್ನು ಆಯಲು ಮಾಡಿಕೊಂಡ ಒಳಲೆಕ್ಕ ಹೀಗೆ ಬನಶಂಕರಿಯ ಕಾಲೇಜಿನ ಅಧ್ಯಾಪಕನೊಬ್ಬನ ಸಂಬಳದ ಲೆಕ್ಕವಾಯಿತು. ಪತ್ರಿಕೆಯ ಸರಾಸರಿಯಿಂದ ಅದರಲ್ಲಿನ ಒಂದು ಲೇಖನದ ಯೋಗ್ಯತೆ ತಿಳಿಯದು ಎಂಬುದು ಅಂಕಗಣಿತ ಬಲ್ಲ ಯಾರಿಗಾದರೂ ಹೊಳೆಯುವ ಸಂಗತಿ. 2008ರಲ್ಲಿ ಸ್ಫಟಿಕವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದ ಒಂದೇ ಲೇಖನದ ಉಲ್ಲೇಖಗಳಿಂದ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಮರುವರ್ಷ 49.9ಕ್ಕೆ ನೆಗೆದದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಮೋಸವೇನೂ ಇರಲಿಲ್ಲ. ಅಳತೆಗೋಲಿನ ಸ್ವಭಾವವೇ ಅಂಥದು.

ಅಂಕ ಬಂದ ಮೇಲೆ ಮಾರುಕಟ್ಟೆ ಬರುವುದು ತಡವಾಗಲಿಲ್ಲ. ವೃತ್ತಿಶಿಕ್ಷಣದ ಕಾಲೇಜುಗಳು ಒತ್ತೊತ್ತಾಗಿರುವ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಂತಹ ಕಡೆಗಳಲ್ಲಿ ಪ್ರಬಂಧಗಳ ಬೆರಳಚ್ಚು, ಜೆರಾಕ್ಸ್, ಬೈಂಡಿಂಗ್ ಹಿಂದಿನಿಂದಲೂ ಇದ್ದ ಗೌರವದ ಜೀವನೋಪಾಯ. ಅದರ ನೆರಳಿನಲ್ಲಿ ದೇಶದ ಎಲ್ಲ ಕಾಲೇಜು ಪಟ್ಟಣಗಳಲ್ಲೂ ಇನ್ನೊಂದು ವ್ಯವಹಾರ ಬೆಳೆಯಿತು: ಲೇಖನ ಕಳುಹಿಸಿದ ಕೆಲವೇ ದಿನಗಳಲ್ಲಿ ಅಂಗೀಕಾರ, ಶುಲ್ಕ ಕಟ್ಟಿದೊಡನೆ ಪ್ರಕಟಣೆ, ಜೊತೆಗೊಂದು ಪ್ರಮಾಣಪತ್ರ. ‘ಗ್ಲೋಬಲ್ ಇಂಪ್ಯಾಕ್ಟ್ ಫ್ಯಾಕ್ಟರ್’, ‘ಯೂನಿವರ್ಸಲ್ ಇಂಪ್ಯಾಕ್ಟ್ ಫ್ಯಾಕ್ಟರ್’ ಮುಂತಾದ ಹೆಸರಿನ ಹುಸಿ ಅಳತೆಗಳು ಇಂತಹ ಪತ್ರಿಕೆಗಳ ಆಭರಣಗಳಾದವು. ಫಿನ್ಲೆಂಡಿನ ಸಂಶೋಧಕರಾದ ಶೆನ್ ಮತ್ತು ಬ್ಯೋರ್ಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಈ ಬಗೆಯ ಪತ್ರಿಕೆಗಳು 2010ರಲ್ಲಿ 53,000 ಲೇಖನಗಳನ್ನು, 2014ರಲ್ಲಿ 4,20,000 ಲೇಖನಗಳನ್ನು ಪ್ರಕಟಿಸಿದವು. ಅವುಗಳ ಲೇಖಕರಲ್ಲಿ ಮೂರನೆಯ ಒಂದು ಭಾಗದಷ್ಟು ಭಾರತೀಯರು.

ಕೈಚಳಕದ ಬಗೆಗಳು

2004ರಲ್ಲಿ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್‌ಗಳು ಬಂದವು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಎಚ್-ಇಂಡೆಕ್ಸ್ ಎಂಬ ಅಳತೆಯನ್ನು ಪ್ರಸ್ತಾಪಿಸಿದರು. ಒಬ್ಬನ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖಗಳಿದ್ದರೆ ಅವನ ಎಚ್-ಇಂಡೆಕ್ಸ್ ಹತ್ತು. ಅಲ್ಲಿಯವರೆಗೆ ಪತ್ರಿಕೆಗೆ ಅಂಟಿಕೊಂಡಿದ್ದ ಸಂಖ್ಯೆ ಇದರಿಂದ ವ್ಯಕ್ತಿಯ ಹೆಸರಿಗೇ ಅಂಟಿಕೊಂಡಿತು.

ಇದನ್ನು ಉಬ್ಬಿಸುವುದು ಎಷ್ಟು ಸುಲಭವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ವಿಭಾಗದಲ್ಲಿ ಹತ್ತು ಮಂದಿ ಅಧ್ಯಾಪಕರಿದ್ದಾರೆ. ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಲೇಖನ ಬರೆಯುತ್ತಾರೆ. ಪ್ರತಿ ಲೇಖನದಲ್ಲೂ ಉಳಿದ ಒಂಬತ್ತು ಮಂದಿಯ ತಲಾ ಎರಡು ಲೇಖನಗಳನ್ನು ಉಲ್ಲೇಖಿಸುತ್ತಾರೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರಿಗೂ ವರ್ಷಕ್ಕೆ 36 ಉಲ್ಲೇಖಗಳು, ಐದು ವರ್ಷಕ್ಕೆ 180. ಜಾಣತನದಿಂದ ಹಂಚಿಕೊಂಡರೆ ಎಲ್ಲರ ಎಚ್-ಇಂಡೆಕ್ಸ್ ಎಂಟನ್ನು ಮುಟ್ಟುವುದು ಕಷ್ಟವಲ್ಲ. ವಿಭಾಗದ ಹೊರಗೆ ಒಬ್ಬನೇ ಒಬ್ಬ ಓದುಗನೂ ಇಲ್ಲದಿರಬಹುದು. ಹಳ್ಳಿಗಳ ಮುಯ್ಯಿಯ ಪದ್ಧತಿಯನ್ನು ಇದು ಹೋಲುತ್ತದೆ. ಮುಯ್ಯಿಯಲ್ಲಿಯಾದರೂ ಮದುವೆಯೊಂದು ನಿಜವಾಗಿ ನಡೆದಿರುತ್ತದೆ.

ಇನ್ನೂ ಸೂಕ್ಷ್ಮವಾದ ವಿಧಾನಗಳೂ ಉಂಟು. ಲೇಖನ ಪ್ರಕಟವಾಗಬೇಕಾದರೆ ತಮ್ಮ ಪತ್ರಿಕೆಯ ಹಿಂದಿನ ಲೇಖನಗಳನ್ನು ಉಲ್ಲೇಖಿಸಬೇಕೆಂದು ಸಂಪಾದಕರೇ ಒತ್ತಾಯಿಸುವುದು ಅವುಗಳಲ್ಲಿ ಒಂದು. ವಿಲ್ಹೈಟ್ ಮತ್ತು ಫಾಂಗ್ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಐವರಲ್ಲಿ ಒಬ್ಬರು ಇಂತಹ ಒತ್ತಾಯವನ್ನು ಅನುಭವಿಸಿದ್ದುದಾಗಿ ಹೇಳಿದರು. ಪತ್ರಿಕೆಗಳು ಪರಸ್ಪರ ಒಪ್ಪಂದ ಮಾಡಿಕೊಂಡು ಉಲ್ಲೇಖ ವಿನಿಮಯ ನಡೆಸುವುದು ಇನ್ನೊಂದು. ಬ್ರೆಜಿಲಿನ ನಾಲ್ಕು ಪತ್ರಿಕೆಗಳನ್ನು 2013ರಲ್ಲಿ ಈ ಕಾರಣಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ಅಮಾನತುಗೊಳಿಸಲಾಯಿತು. ಫ್ರಾನ್ಸಿನ ಸಿರಿಲ್ ಲಬ್ಬೆ 2010ರಲ್ಲಿ ತಾನೇ ಸೃಷ್ಟಿಸಿದ ಐಕ್ ಆಂಟ್‌ಕೇರ್ ಎಂಬ ಹೆಸರಿನಲ್ಲಿ, ಗಣಕಯಂತ್ರ ಹೆಣೆದ ಅರ್ಥಹೀನ ಬರಹಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ ಅಂತರ್ಜಾಲಕ್ಕೆ ಏರಿಸಿದರು. ಹುಟ್ಟದೇ ಇದ್ದ ಈ ವಿಜ್ಞಾನಿಯ ಎಚ್-ಇಂಡೆಕ್ಸ್ 94ಕ್ಕೆ ಏರಿ, ಐನ್‌ಸ್ಟೈನ್‌ರನ್ನೂ ಹಿಂದಿಕ್ಕಿತು. ಲಬ್ಬೆಯವರದು ಎಚ್ಚರಿಸುವ ಪ್ರಯೋಗ. ಅದೇ ದಾರಿಯನ್ನು ಲಾಭಕ್ಕಾಗಿ ಹಿಡಿದವರು ತಮ್ಮ ಕೆಲಸವನ್ನು ಪ್ರಕಟಿಸಿ ಹೇಳುವುದಿಲ್ಲ.

ನೆರೆಯ ಚೆನ್ನೈಯ ಎರಡು ಪ್ರಸಂಗಗಳು ವಿಶ್ವದ ಗಮನ ಸೆಳೆದವು. ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಸುಮಾರು ಒಂದು ಲಕ್ಷ ವಿಜ್ಞಾನಿಗಳ ದತ್ತಾಂಶವನ್ನು ಪರಿಶೀಲಿಸಿದ ‘ನೇಚರ್’ ಪತ್ರಿಕೆ, ಅಲ್ಲಿನ ಖಾಸಗಿ ಸಂಸ್ಥೆಯೊಂದರ ಗಣಕವಿಜ್ಞಾನಿಗೆ 2017ರವರೆಗೆ ದೊರೆತ ಉಲ್ಲೇಖಗಳಲ್ಲಿ ಶೇ. 94ರಷ್ಟು ಅವರಿಂದ ಅಥವಾ ಅವರ ಸಹಲೇಖಕರಿಂದಲೇ ಬಂದವೆಂದು ತೋರಿಸಿತು. 2023ರಲ್ಲಿ ‘ಸೈನ್ಸ್’ ಪತ್ರಿಕೆಯ ವರದಿ ಅದೇ ನಗರದ ದಂತವೈದ್ಯ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳು ಪರೀಕ್ಷೆಯ ಭಾಗವಾಗಿ ಲೇಖನಗಳನ್ನು ಬರೆಯುವ ಕ್ರಮವನ್ನೂ ಆ ಲೇಖನಗಳಲ್ಲಿ ಸಂಸ್ಥೆಯ ಇತರ ಪ್ರಕಟಣೆಗಳ ಉಲ್ಲೇಖಗಳು ಹೇರಳವಾಗಿರುವುದನ್ನೂ ವಿವರಿಸಿತು. ಸಂಸ್ಥೆ ಆಕ್ಷೇಪಗಳನ್ನು ಒಪ್ಪಲಿಲ್ಲ. ಸ್ವೋಲ್ಲೇಖವೆಲ್ಲ ದೋಷವೆಂದು ಇದರಿಂದ ತೀರ್ಮಾನಿಸಲಾಗದು. ದೀರ್ಘಕಾಲ ಒಂದೇ ವಿಷಯವನ್ನು ಬೆನ್ನುಹತ್ತಿದ ವಿದ್ವಾಂಸ ತನ್ನ ಹಿಂದಿನ ಕೆಲಸವನ್ನು ಹೇಳಲೇಬೇಕಾಗುತ್ತದೆ. ಶಾಸನಗಳ ಬಗೆಗೆ ಬರೆಯುವವನು ತಾನೇ ಸಂಪಾದಿಸಿದ ಶಾಸನಪಾಠವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ರಶ್ನೆಯಿರುವುದು ಪ್ರಮಾಣದಲ್ಲಿ ಮತ್ತು ಪ್ರಯೋಜನದಲ್ಲಿ.

ಪಟ್ಟಿಗಳ ಕಾಲ

ಮೋಸವನ್ನು ತಡೆಯಲು ಆಯೋಗ ಹಿಡಿದ ದಾರಿ ಪಟ್ಟಿಗಳದು. 2017ರ ಜನವರಿಯಲ್ಲಿ ಅದು 38,000ಕ್ಕೂ ಹೆಚ್ಚು ಪತ್ರಿಕೆಗಳ ಅಂಗೀಕೃತ ಪಟ್ಟಿಯನ್ನು ಪ್ರಕಟಿಸಿತು. ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ವಿಶ್ವವಿದ್ಯಾನಿಲಯಗಳು ಶಿಫಾರಸು ಮಾಡಿದ್ದ ಪತ್ರಿಕೆಗಳಲ್ಲಿ 1,009ನ್ನು ಆಯ್ದು ಪರಿಶೀಲಿಸಿ, ಅವುಗಳಲ್ಲಿ ಶೇ. 88ರಷ್ಟು ಕನಿಷ್ಠ ಗುಣಮಟ್ಟವನ್ನೂ ಮುಟ್ಟುವುದಿಲ್ಲವೆಂದು 2018ರ ‘ಕರೆಂಟ್ ಸೈನ್ಸ್’ನಲ್ಲಿ ತಿಳಿಸಿದರು. ಆ ವರ್ಷದ ಮೇ ತಿಂಗಳಲ್ಲಿ 4,305 ಪತ್ರಿಕೆಗಳು ಪಟ್ಟಿಯಿಂದ ತೆಗೆಯಲ್ಪಟ್ಟವು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದು, ಅದರಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಅವಕಾಶ ದೊರೆಯಿತು. ಪಟ್ಟಿಯಲ್ಲಿರುವ ಪತ್ರಿಕೆಗಳ ಹೆಸರನ್ನೇ ನಕಲು ಮಾಡಿ ಜಾಲತಾಣ ತೆರೆಯುವವರು ಆಗ ಹುಟ್ಟಿಕೊಂಡರು.

ಅತ್ತ ಸಂಸ್ಥೆಗಳ ಮಟ್ಟದಲ್ಲಿ ಎಣಿಕೆ ಇನ್ನಷ್ಟು ಬಿಗಿಯಾಯಿತು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ನಾಗರಭಾವಿಯಲ್ಲಿ ನೆಲೆಸಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 2017ರ ತನ್ನ ಪರಿಷ್ಕೃತ ಚೌಕಟ್ಟಿನಲ್ಲಿ ವಿಶ್ವವಿದ್ಯಾನಿಲಯಗಳ ಸರಾಸರಿ ಉಲ್ಲೇಖಪ್ರಮಾಣವನ್ನೂ ಎಚ್-ಇಂಡೆಕ್ಸನ್ನೂ ಕೇಳಿತು. ಕೇಂದ್ರ ಶಿಕ್ಷಣ ಇಲಾಖೆಯ ರಾಷ್ಟ್ರೀಯ ಶ್ರೇಯಾಂಕ ಪದ್ಧತಿ 2016ರಿಂದ ಉಲ್ಲೇಖಗಳಿಗೆ ಅಂಕ ಕೊಡುತ್ತ ಬಂದು, 2025ರಲ್ಲಿ ಮೊದಲ ಬಾರಿಗೆ ಹಿಂತೆಗೆದ ಲೇಖನಗಳಿಗೆ ಅಂಕ ಕಳೆಯುವ ಕ್ರಮವನ್ನು ಸೇರಿಸಿಕೊಂಡಿತು.

ಈ ಎಲ್ಲ ಲೆಕ್ಕಗಳಲ್ಲಿ ಕನ್ನಡ ವಿಭಾಗಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 1916ರಲ್ಲಿ ಆರಂಭವಾದ ‘ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ’, 1919ರ ‘ಪ್ರಬುದ್ಧ ಕರ್ನಾಟಕ’ ಇಂತಹ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಬಿಟ್ಟು ಕನ್ನಡ ಸಂಶೋಧನೆಯ ಚರಿತ್ರೆಯನ್ನು ಬರೆಯಲಾಗದು. ಇಂಪ್ಯಾಕ್ಟ್ ಫ್ಯಾಕ್ಟರ್‌ನ ಲೆಕ್ಕದಲ್ಲಿ ಮಾತ್ರ ಅವುಗಳ ಬೆಲೆ ಸೊನ್ನೆ. 2010ರ ಕೋಷ್ಟಕದಲ್ಲಿ ಸ್ಫಟಿಕವಿಜ್ಞಾನಿಗೆ ದೊರೆಯಬಹುದಾದ ಹೆಚ್ಚುವರಿ 25 ಅಂಕ ಹಳಗನ್ನಡ ಛಂದಸ್ಸಿನ ವಿದ್ವಾಂಸನಿಗೆ ಎಂದೂ ಎಟುಕುವಂತಿರಲಿಲ್ಲ. ಅವನ ಪಾಲಿಗೆ ಉಳಿದದ್ದು ಐ.ಎಸ್.ಎಸ್.ಎನ್. ಮತ್ತು ಐ.ಎಸ್.ಬಿ.ಎನ್. ಸಂಖ್ಯೆಗಳು. ಇವು ಗ್ರಂಥಾಲಯದ ಅನುಕೂಲಕ್ಕಾಗಿ ಕೊಡುವ ಗುರುತಿನ ಸಂಖ್ಯೆಗಳೇ ಹೊರತು ಗುಣದ ಮುದ್ರೆಗಳಲ್ಲ, ಆದರೂ ‘ಐ.ಎಸ್.ಎಸ್.ಎನ್. ಪತ್ರಿಕೆ’ ಎಂಬ ಮಾತೇ ಕಾಲೇಜುಗಳಲ್ಲಿ ಒಂದು ಪದವಿಯಂತೆ ಬಳಕೆಗೆ ಬಂದಿತು. ವಿಚಾರಸಂಕಿರಣದ ಪ್ರಬಂಧಗಳನ್ನೆಲ್ಲ ಒಟ್ಟುಮಾಡಿ ಸಂಖ್ಯೆಯೊಂದನ್ನು ಪಡೆದು ಅಚ್ಚಿಸಿದ ಸಂಪುಟಗಳು ಗ್ರಂಥಾಲಯಗಳ ಕಪಾಟುಗಳನ್ನು ತುಂಬಿದವು. ಅವುಗಳ ನಡುವೆ ಒಳ್ಳೆಯ ಬರಹಗಳೂ ಸೇರಿಹೋಗಿ ಕಾಣದಾಗಿರುವುದು ಬೇರೊಂದು ನಷ್ಟ.

ಮುಂದೆ ಈ ಕಾಲದ ವಿದ್ವತ್ತಿನ ಚರಿತ್ರೆಯನ್ನು ಬರೆಯುವವರಿಗೆ ನರಸಿಂಹಾಚಾರ್ಯರಿಗಿದ್ದ ಅನುಕೂಲವಿರದು. ಒಂದು ಅಡಿಟಿಪ್ಪಣಿಯನ್ನು ಕಂಡಾಗ, ಅದು ಓದಿನ ಗುರುತೋ ಮುಯ್ಯಿಯ ಗುರುತೋ ಎಂದು ಅವರು ಮೊದಲು ನಿರ್ಣಯಿಸಬೇಕಾಗುತ್ತದೆ. ತಾಳೆಗರಿಯ ಪ್ರತಿಗಳಲ್ಲಿ ಪ್ರಕ್ಷಿಪ್ತ ಪದ್ಯಗಳನ್ನು ಬೇರ್ಪಡಿಸುವ ಗ್ರಂಥಸಂಪಾದನೆಯ ಶಾಸ್ತ್ರಕ್ಕೆ ಸಮಾನವಾದ ಶಾಸ್ತ್ರವೊಂದು ಅಡಿಟಿಪ್ಪಣಿಗಳಿಗೂ ಬೇಕಾದೀತು.

2022ರ ನವೆಂಬರಿನಲ್ಲಿ ಹೊರಬಂದ ಪಿಎಚ್.ಡಿ. ನಿಯಮಗಳಲ್ಲಿ ಆಯೋಗವು, ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಟ್ಟಳೆಯನ್ನು ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ‘ಕೇರ್’ ಪಟ್ಟಿಯನ್ನೂ ನಿಲ್ಲಿಸಿ, ಪತ್ರಿಕೆಗಳ ಗುಣವನ್ನು ಪರಿಶೀಲಿಸಲು ಕೆಲವು ಸೂಚಕಗಳನ್ನು ಮಾತ್ರ ಕೊಟ್ಟು, ನಿರ್ಧಾರವನ್ನು ಆಯಾ ಸಂಸ್ಥೆಗಳಿಗೆ ಬಿಟ್ಟಿತು. ಅಭ್ಯರ್ಥಿಯ ಲೇಖನ ಯಾವ ಪಟ್ಟಿಯಲ್ಲಿದೆಯೆಂದು ನೋಡಿ ಅಂಕ ಹಾಕುತ್ತಿದ್ದ ಆಯ್ಕೆ ಸಮಿತಿಯ ಮೇಜಿನ ಮೇಲೆ ಈಗ ಆ ಲೇಖನ ಮಾತ್ರ ಇದೆ.